400 ಕುರ್ಚಿ ಹಿಡಿಸುವ ಹಾಲ್‌ನಲ್ಲಿ ಎಷ್ಟು ಜನ ಮಲಗಬಹುದು?

ನಿಮ್ಮ ಪತ್ರವನ್ನೂ ನಕ್ಷೆಯನ್ನೂ ಎರಡು ಸಲ ನೋಡಿದೆ. ನೀವು ಕಟ್ಟಲು ಹೊರಟಿರುವ ಸಮುದಾಯ ಭವನ ಆಪತ್ತಿನ ಹೊತ್ತಿಗೆ ಆಸರೆಯ ಜಾಗವೂ ಆಗಬೇಕು ಎಂದು ಸಮಿತಿ ತೀರ್ಮಾನಿಸಿದೆ. ‘ಹಾಲ್ 350 ಚದರ ಮೀಟರ್ ಇದೆ, 400 ಕುರ್ಚಿ ಹಿಡಿಸುತ್ತದೆ. ಕಟ್ಟಡ ಗಟ್ಟಿಯಾಗಿದ್ದರೆ 400 ಜನಕ್ಕೆ ಆಸರೆಯಾಯಿತಲ್ಲ, ಇನ್ನೇನು ಬೇಕು?’ ಎಂದು ಕೇಳಿದ್ದೀರಿ.

ಮೊದಲು ಕುರ್ಚಿ ಲೆಕ್ಕ ಬಿಡಿ. ಸಭೆಗೆ ಬಂದವರು ಎರಡು ಗಂಟೆ ಕೂತು ಹೋಗುತ್ತಾರೆ. ಮನೆ ಬಿಟ್ಟು ಬಂದವರು ಮಲಗಬೇಕು, ಮಗುವಿನ ಬಟ್ಟೆ ಬದಲಿಸಬೇಕು, ಗಂಟುಮೂಟೆ ಇಟ್ಟುಕೊಳ್ಳಬೇಕು. ಪರಿಹಾರ ಕೆಲಸದವರು ಜಗತ್ತಿನಾದ್ಯಂತ ಅನುಸರಿಸುವ ಸ್ಫಿಯರ್ ಮಾನದಂಡದಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್. ಅಂದರೆ ನಿಮ್ಮ ಹಾಲ್‌ಗೆ 100 ಜನ. ಬಿರುಗಾಳಿ ದಾಟುವ ಒಂದು ರಾತ್ರಿ ಹೇಗೋ ಒತ್ತಿಕೊಂಡು ಕೂರಬಹುದು. ವಾರಗಟ್ಟಲೆ ಆಗುವುದಿಲ್ಲ.

ಜಾಗಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಶೌಚಾಲಯ. ನಕ್ಷೆಯಲ್ಲಿ ದೊಡ್ಡ ವೇದಿಕೆ ಇದೆ, ಹಿಂದೆ ಗ್ರೀನ್ ರೂಮ್ ಇದೆ. ಶೌಚಾಲಯ ಮಾತ್ರ ಎರಡೇ, ಅದೂ ಅಂಗಳ ದಾಟಿ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರಿಗೆ ನೀರು ಕೊಟ್ಟೆ. ತುಟಿ ಒದ್ದೆ ಮಾಡಿಕೊಂಡು ಲೋಟ ವಾಪಸ್ ಕೊಟ್ಟರು. ‘ಸಾಕಪ್ಪಾ, ಕುಡಿದ್ರೆ ರಾತ್ರಿ ಆಚೆ ಹೋಗ್ಬೇಕಾಗತ್ತೆ’ ಅಂದರು. ಆಚೆ ಅಂದರೆ ಕತ್ತಲು, ಮೂರು ಮೆಟ್ಟಿಲು, ಕೆಸರು. ಬಾಗಿಲಿಗೆ ಒಳಚಿಲಕ ಇರಲಿಲ್ಲ. ಗೋಡೆಗಳು ಗಟ್ಟಿಯಾಗಿಯೇ ಇದ್ದವು.

ಜನ ಕೆಲವು ದಿನ ಉಳಿಯುವುದಾದರೆ 20 ಜನಕ್ಕೊಂದು ಶೌಚಾಲಯ ಬೇಕು. ನಿಮಗೆ ಕನಿಷ್ಠ ಐದು. ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು ಎಂಬ ಲೆಕ್ಕದಲ್ಲಿ ಹಂಚಿ. ಎಲ್ಲವೂ ಒಂದೇ ಚಾವಣಿಯ ಕೆಳಗಿರಲಿ, ದೀಪ ಇರಲಿ, ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲಿರಲಿ. ನೀರು ತಲಾ ದಿನಕ್ಕೆ 15 ಲೀಟರ್. 100 ಜನಕ್ಕೆ ಮೂರು ದಿನಕ್ಕೆಂದರೆ 4,500 ಲೀಟರ್. ಟ್ಯಾಂಕ್ ಎತ್ತರದಲ್ಲಿರಲಿ, ಯಾಕೆಂದರೆ ಮೊದಲು ಹೋಗುವುದೇ ಕರೆಂಟ್. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಕ್ರೀಡಾಂಗಣ ಸೇರಿದ ಸಾವಿರಾರು ಜನ ಅನುಭವಿಸಿದ್ದು ಇದನ್ನೇ. ಚಾವಣಿಯ ಹೊದಿಕೆ ಕಿತ್ತುಹೋಯಿತು, ಕರೆಂಟ್ ಹೋಯಿತು, ಶೌಚಾಲಯಗಳು ಕೆಟ್ಟವು. ಕಟ್ಟಡ ನಿಂತೇ ಇತ್ತು, ಒಳಗೆ ಇರಲಾಗುತ್ತಿರಲಿಲ್ಲ.

ಇನ್ನು ‘ಗಟ್ಟಿ’ ಎಂಬ ಮಾತು. ಯಾವುದಕ್ಕೆ ಗಟ್ಟಿ? ಬಾಂಗ್ಲಾದೇಶದ ಕರಾವಳಿಯಲ್ಲಿ ಆಸರೆ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ, ಸಮುದ್ರ ಉಕ್ಕಿದರೆ ನೀರು ಕೆಳಗಿಂದ ಹಾದುಹೋಗಲಿ ಎಂದು. ಪ್ರವಾಹಕ್ಕೆ ಅದು ಸರಿ. ಆದರೆ ಗೋಡೆಯಿಲ್ಲದ ಆ ನೆಲಮಹಡಿಯೇ ಭೂಕಂಪದಲ್ಲಿ ಮೊದಲು ಕುಸಿಯುವ ಭಾಗ, ಕಂಬಗಳನ್ನು ಅದಕ್ಕೆಂದೇ ಬಲಪಡಿಸದಿದ್ದರೆ. 2001ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕೆಳಗೆ ಬರೀ ಪಾರ್ಕಿಂಗ್ ಇದ್ದ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಹೀಗೇ ಬಿದ್ದವು. ನಿಮ್ಮ ಜಾಗಕ್ಕೆ ಯಾವ ಆಪತ್ತು ಬರಬಹುದು ಎಂದು ಎಂಜಿನಿಯರ್‌ಗೆ ಬರಹದಲ್ಲಿ ಕೊಡಿ. ಸುಮ್ನೆ ‘ಗಟ್ಟಿಯಾಗಿ ಕಟ್ಟಿ’ ಅಂದರೆ ಸಾಲದು.

ಪತ್ರದ ಕೊನೆಯಲ್ಲಿ ‘ಹಾಳಾಗದಂತೆ ಬೀಗ ಹಾಕಿ ಇಡುತ್ತೇವೆ’ ಎಂದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬಾಂಗ್ಲಾದೇಶದ ಆ ಕಟ್ಟಡಗಳಲ್ಲಿ ಹೆಚ್ಚಿನವು ಉಳಿದ ದಿನ ಶಾಲೆಗಳು. ಮಕ್ಕಳು ದಿನಾ ಓಡಾಡುವ ದಾರಿ ಮನೆಯವರಿಗೆಲ್ಲ ಗೊತ್ತಿರುತ್ತದೆ. ನಲ್ಲಿ ಸೋರಿದರೆ ಮರುದಿನವೇ ಯಾರೋ ಹೇಳುತ್ತಾರೆ. ಬೀಗ ಹಾಕಿದ ಕಟ್ಟಡದಲ್ಲಿ ಪಂಪ್ ಕೆಟ್ಟಿರುವುದು ಗೊತ್ತಾಗುವುದು ನೀರು ಬಂದ ರಾತ್ರಿಯೇ. ಅಷ್ಟು ಹೊತ್ತಿಗೆ ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಬೇಕು, ಅಲ್ವಾ? ಕೀಲಿ ಮೂರು ಮನೆಯಲ್ಲಾದರೂ ಇರಲಿ, ಅವು ಕಟ್ಟಡಕ್ಕೆ ನಡೆದು ಬರುವಷ್ಟು ಹತ್ತಿರದ ಮನೆಗಳಾಗಿರಲಿ.

ವೇದಿಕೆಯನ್ನು ಸ್ವಲ್ಪ ಚಿಕ್ಕದು ಮಾಡಿದರೆ ಐದು ಶೌಚಾಲಯಕ್ಕೆ ಜಾಗ ಸಿಗುತ್ತದೆ ಅನಿಸುತ್ತಿದೆ. ತಿದ್ದಿದ ನಕ್ಷೆ ಕಳಿಸಿ, ಇನ್ನೊಮ್ಮೆ ಕೂತು ಅಳತೆ ಹಾಕೋಣ.

– ಸಂಪಾದಕ