ಏಳು ಇಸಿಜಿ ಇದೆ, ಒಂದು ಬಿಪಿ ಇಲ್ಲ

(ಗುರುತು ಸಿಗದಂಗೆ ಒಂದಷ್ಟು ವಿವರ ಬದಲಾಯಿಸಿದೀನಿ.)

ನನ್ನ ಹತ್ರ ಸಲಹೆಗೆ ಬಂದವ್ರಿಗೆ 46 ವರ್ಷ, ಕೂತೇ ಮಾಡೋ ಕೆಲಸ. ಅಣ್ಣಂಗೆ 51ಕ್ಕೇ ಹಾರ್ಟ್ ಅಟ್ಯಾಕ್ ಆಯ್ತು, ಅಲ್ಲಿಂದ ಇವ್ರಿಗೆ ನಿದ್ದೆ ಇಲ್ಲ, ಎದೆ ಒಂಚೂರು ಹಿಡಿದಂಗಾದ್ರೂ ಓಡಿ ಹೋಗಿ ಇಸಿಜಿ ಮಾಡಿಸ್ಕೊಂಡ್ ಬರೋದು. ಫೈಲಲ್ಲಿ ಡೇಟ್ ಪ್ರಕಾರ ಜೋಡಿಸಿದ್ದ ಏಳು ಇಸಿಜಿ, ಎಲ್ಲಾ ನಾರ್ಮಲ್. ಕೊಲೆಸ್ಟ್ರಾಲ್ ರಿಪೋರ್ಟ್ ಒಂದಿತ್ತು, ಬಿಪಿ ಮಾತ್ರ ಎಲ್ಲೂ ಬರೆದಿರಲಿಲ್ಲ.

"ಮೇಡಂ, ಆನ್‌ಲೈನ್ ಹಾರ್ಟ್ ರಿಸ್ಕ್ ಕ್ಯಾಲ್ಕುಲೇಟರ್ ಮುಂದಿನ ಹತ್ತು ವರ್ಷದ ರಿಸ್ಕ್ 3 ಪರ್ಸೆಂಟ್ ಅಂತು, ಆದ್ರೂ ಭಯ ಹೋಗ್ತಿಲ್ಲ."

ಬಿಪಿ ಎಷ್ಟು ಹಾಕಿದ್ರಿ ಸರ್ ಅಂದೆ. "120, ಎಲ್ರಿಗೂ ಅಷ್ಟೇ ಇರತ್ತಲ್ವಾ." ಸಿಗರೇಟು? "ಇಲ್ಲ." ಪಕ್ಕದಲ್ಲಿ ಹೆಂಡತಿ ಕೂತಿದ್ರು, ಇವ್ರ ಕಣ್ಣು ಫೈಲ್ ಬಿಟ್ಟು ಮೇಲೇಳ್ಲಿಲ್ಲ. ಆಮೇಲೆ ಒಬ್ರನ್ನೇ ಕೂರಿಸ್ಕೊಂಡು ಕೇಳ್ದಾಗ, "ದಿನಕ್ಕೆ ನಾಲ್ಕಿತ್ತು ಮೇಡಂ, ಅಣ್ಣಂಗೆ ಹಂಗಾದ್ಮೇಲೆ ಟೆನ್ಷನ್‌ಗೆ ಆರಾಯ್ತು."

ಕ್ಯಾಲ್ಕುಲೇಟರಲ್ಲಿ ಸಿಗರೇಟಿಗೆ ಹೌದು ಅಂತ ಬದಲಾಯಿಸಿ ನೋಡಿದ್ವಿ, 3 ಇದ್ದಿದ್ದು 8ರ ಹತ್ರ ಹೋಯ್ತು. ಮುಖ ಬಾಡಿತು. ನಾನು ಹೇಳಿದ್ದಿಷ್ಟು: ಇಸಿಜಿ ಆ ಹೊತ್ತಿನ ಕಥೆ ಹೇಳತ್ತೆ, ಮುಂದಿನ ಹತ್ತು ವರ್ಷದ್ದಲ್ಲ, 8 ಅಂದ್ರೆ ನಿಮ್ಮಂಥ 100 ಜನರಲ್ಲಿ ಸುಮಾರು 8 ಜನಕ್ಕೆ ಅಷ್ಟರಲ್ಲಿ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆಗಬಹುದು, ಉಳಿದ 92 ಜನಕ್ಕೆ ಆಗಲ್ಲ, ಇದು ಜಾತಕ ಅಲ್ಲ, ಸಿಗರೇಟು ಬಿಪಿ ಇಳಿದ್ರೆ ಇದೂ ಇಳಿಯತ್ತೆ. ಅಣ್ಣಂದು 55ರ ಒಳಗೇ ಆಗಿರೋದು ರಿಸ್ಕ್ ಹೆಚ್ಚಿಸತ್ತೆ, ಆದ್ರೆ ಇವ್ರು ಬಳಸಿದ ಕ್ಯಾಲ್ಕುಲೇಟರಲ್ಲಿ ಅದಕ್ಕೆ ಜಾಗಾನೇ ಇಲ್ಲ, ಅದನ್ನ ಡಾಕ್ಟರ್‌ಗೆ ಬಾಯಿಬಿಟ್ಟೇ ಹೇಳ್ಬೇಕು.

ಸಲಹೆ ಅಂತ ಕೊಟ್ಟಿದ್ದು: ಒಂದು ವಾರ ಬೆಳಿಗ್ಗೆ ಸಂಜೆ, ಐದು ನಿಮಿಷ ಸುಮ್ನೆ ಕೂತು, ಎರಡೆರಡು ಸಲ ಬಿಪಿ ನೋಡಿ ಬರ್ಕೊಳ್ಳಿ. ಶುಗರ್ ಟೆಸ್ಟ್ ಆಗ್ಲಿ, ಲೈಪೊಪ್ರೋಟೀನ್ ಎ (ವಂಶದಿಂದ ಬರೋ ಒಂಥರಾ ಕೊಲೆಸ್ಟ್ರಾಲ್) ಒಂದ್ಸಲ ನೋಡ್ಸೋದು ಬೇಕಾ ಅಂತ ಡಾಕ್ಟರನ್ನ ಕೇಳಿ. ಸಿಗರೇಟು ಬಿಡೋಕೆ ದಿನ ಗೊತ್ತು ಮಾಡಿ, ಮನೇಲಿ ಹೇಳಿ. ಎದೆನೋವು ಕೈಗೋ ದವಡೆಗೋ ಹರಡಿದ್ರೆ, ಇಲ್ಲಾ ಜೊತೆಗೆ ಬೆವರು ಬಂದ್ರೆ ಕ್ಯಾಲ್ಕುಲೇಟರ್ ಮುಟ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಎರಡು ವಾರ ಬಿಟ್ಟು ಬಂದ್ರು. ಬಿಪಿ ಸರಾಸರಿ 142/88, ಮನೇಲಿ ನೋಡಿದ್ದು 135/85 ದಾಟಿದ್ರೆ ಜಾಸ್ತಿನೇ, ಡಾಕ್ಟರ್ ಹತ್ರ ಕಳಿಸಿದೆ. ಹೆಂಡತಿಗೆ ಹೇಳಿದ್ರಾ ಅಂದೆ.

"ಹೇಳ್ದೆ ಮೇಡಂ. ಶರ್ಟ್ ಒಗೆಯೋಳು ನಾನಲ್ವಾ ಅಂದ್ಳು."