ಕಾರವಾರಕ್ಕ ಹೋದ್ರ ಬೀಚ್ ಅಷ್ಟ ನೋಡಿ ಬರಬ್ಯಾಡ್ರಿ, ಕಾಳಿ ನದೀಗೂ ಒಂದ ದಿನ ಕೊಡ್ರಿ

ಅಕ್ಕಾರ, ನಿಮ್ ಪ್ರಶ್ನೆ ಓದೀನ್ರಿ. ಗದಗದಿಂದ ಕಾರವಾರಕ್ಕ ಎರಡ ದಿನ, ಜೋಡಿ ಇಬ್ರು ಮಕ್ಕಳು, ಮೊಣಕಾಲ ನೋವಿರೋ ಅವ್ವ, ಅಲ್ಲೆ ಬೀಚ್ ಬಿಟ್ರ ಏನೈತಿ, ಸೀದಾ ಗೋವಾಕ್ಕ ಹೋಗೂದ ಚಲೋ ಏನು ಅಂತ ಕೇಳೀರಿ. ಮ್ಯಾಲೆ ಇಬ್ರು ಮೂರ ಮಂದಿ "ಅರ್ಧಾ ದಿನದ ಊರು, ಮುಂದ ಹೋಗ್ರಿ" ಅಂತ ಬರದಾರ. ನಾನು ಧಾರವಾಡದವ, ಹಕ್ಕಿ ನೋಡಾಕ ಅಂತ ಪ್ರತಿ ಚಳಿಗಾಲ ಹೋಗ್ತೀನಿ, ನನಗ ಅವರ ಮಾತು ಒಪ್ಪಿಗಿ ಇಲ್ರಿ. ಟಾಗೋರ್ ಬೀಚಿನ್ಯಾಗ ಐಸ್‌ಕ್ರೀಮ್ ತಿಂದು ಹಡಗಿನ ಮ್ಯೂಸಿಯಂ ನೋಡಿ ಗಾಡಿ ಹತ್ತಿದ್ರ ಅರ್ಧಾ ದಿನದ ಊರ ಆಗ್ತೈತಿ, ಖರೇ. ಆದ್ರ ಕಾರವಾರ ಅಂದ್ರ ಕಾಳಿ ನದಿ ಸಮುದ್ರ ಸೇರೋ ಬಾಯಿ, ಅದನ್ನ ಬಿಟ್ಟು ಊರ ನೋಡಿದಂಗ ಆಗಂಗಿಲ್ಲ.

ನೀವು ಗದಗದವ್ರು, ಹತ್ತಿ ಅಂದ್ರ ನಿಮಗ ನಾ ಹೇಳಬೇಕಾಗಿಲ್ಲ. 1861ರಾಗ ಅಮೆರಿಕಾದಾಗ ಅಂತರ್ಯುದ್ಧ ಸುರು ಆಗಿ ಇಂಗ್ಲೆಂಡಿನ ಮಿಲ್ಲುಗೋಳಿಗೆ ಹತ್ತಿ ಬರೋದು ನಿಂತಾಗ ಅವರ ಕಣ್ಣು ಬಿದ್ದಿದ್ದು ನಮ್ ಧಾರವಾಡ ಸೀಮಿ ಹತ್ತಿ ಮ್ಯಾಲೆ. ಅದನ್ನ ಹಡಗಿಗೆ ಹಾಕಾಕ ಅವರು ಆರಿಸಿದ ಬಂದರ ಅಂದ್ರ ಕಾಳಿ ಬಾಯಿ, ಕಾರವಾರ ಸದಾಶಿವಗಡ. ಅಲ್ಲೀತನಕ ಮದ್ರಾಸ್ ಕೈಯಾಗಿದ್ದ ಉತ್ತರ ಕನ್ನಡಾನ 1862ರಾಗ ಮುಂಬೈಗೆ ಸೇರಿಸಿದ್ರು, ಕಾರವಾರ ಜಿಲ್ಲಾ ಠಾಣೆ ಆತು, ನೀವು ಈಗ ಇಳಿಯೋ ಅರಬೈಲ್ ಘಾಟಿನ ದಾರಿ ಮಹತ್ವಕ್ಕ ಬಂದಿದ್ದೂ ಈ ಹತ್ತಿ ಸಲುವಾಗಿನ. ಮುಂದ ಗೋವಾದ ಮುರಗಾವ್ ಬಂದರಕ್ಕ ಕ್ಯಾಸಲ್‌ರಾಕ್ ಮ್ಯಾಲೆ ರೈಲು ಬಂದಮ್ಯಾಲೆ ಮಾಲು ಆ ಕಡಿ ತಿರುಗಿ ಕಾರವಾರ ತಣ್ಣಗಾತು. ಘಾಟ್ ಇಳಿಯೂಮುಂದ ಮಕ್ಕಳಿಗೆ ಇದನ್ನ ಹೇಳ್ರಿ, ಅಜ್ಜ ಮುತ್ತ್ಯಾ ಬೆಳೆದ ಹತ್ತಿ ಎತ್ತಿನ ಬಂಡಿಯಾಗ ಇದ ಗುಡ್ಡ ಇಳದು ಹೋಗ್ತಿತ್ತು ಅಂದ್ರ ಆ ತಿರುವು ಬ್ಯಾರೇನ ಕಾಣ್ತಾವ.

ದಾರಿ ಬಗ್ಗೆ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್, ಅಂಕೋಲಾ, ಕಾರವಾರ, ಹುಬ್ಬಳ್ಳಿಯಿಂದ ಸುಮಾರು 165 ಕಿಲೋಮೀಟರ್. ಲಾರಿ ಭಾಳ, ಹಂಗಾಗಿ ನಸುಕಿನ 5ಕ್ಕ ಗದಗ ಬಿಡ್ರಿ. ಇನ್ನೊಂದು ದಾರಿ ಧಾರವಾಡ, ಹಳಿಯಾಳ, ದಾಂಡೇಲಿ, ಜೋಯ್ಡಾ, ಅಣಶಿ ಘಾಟ್, ಕದ್ರಾ. ಇದು ಕಾಳಿ ಹುಲಿ ಅಭಯಾರಣ್ಯದ ನಡುವ ಹೋಗ್ತೈತಿ, ಮಂಗಟ್ಟೆ ಹಕ್ಕಿ ಕಂಡ್ರ ಕಾಣಬಹುದು, ಆದ್ರ ತಿರುವು ಜಾಸ್ತಿ, ವಾಂತಿ ಬರೋ ಮಕ್ಕಳಿದ್ರ ಬ್ಯಾಡ, ಮತ್ತ ಬೆಳಕಿನ್ಯಾಗ ಮಾತ್ರ ಹೋಗ್ರಿ. ಹೋಗೂಮುಂದ ಅರಬೈಲ್, ಬರೂಮುಂದ ಅಣಶಿ ಮಾಡಿದ್ರ ಕಾಳಿ ನದೀನ ಬಾಯಿಂದ ಮ್ಯಾಲಕ ನೋಡಿದಂಗೂ ಆಗ್ತೈತಿ, ಆ ನದಿ ಹುಟ್ಟೂದ ಜೋಯ್ಡಾ ತಾಲೂಕಿನ ದಿಗ್ಗಿ ಹತ್ರ, ಹುಟ್ಟೂದು ಮುಗಿಯೂದು ಎರಡೂ ಒಂದ ಜಿಲ್ಲಾದಾಗ. ರೈಲಿಗೆ ಹೋಗೂದಾದ್ರ ಹುಬ್ಬಳ್ಳಿಯಿಂದ ಸೀದಾ ಹಳಿ ಇಲ್ಲ, ಮಡಗಾವ್‌ಗೆ ಹೋಗಿ ಕೊಂಕಣ ರೈಲು ಹಿಡೀಬೇಕು, ಅವ್ವನ ಕಟಗೊಂಡು ಅದು ಸರಿ ಅಲ್ಲ.

ಮೊದಲನೇ ದಿನ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಮಲಗ್ರಿ, ಬಿಸಲ ಇಳದಮ್ಯಾಲೆ ಸೇತುವೆ ದಾಟಿ ಸದಾಶಿವಗಡದ ಗುಡ್ಡಕ್ಕ ಹೋಗ್ರಿ. ಸೇತುವೆ ಅಂದ್ರ ಈಗ ಒಂದ ಐತಿ, ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನ್ಯಾಗ ಕುಸದು ಲಾರಿ ಸಮೇತ ನದೀಗೆ ಬಿತ್ತು, ಡ್ರೈವರನ್ನ ಮೀನುಗಾರರು ಪೊಲೀಸರು ಸೇರಿ ಉಳಿಸಿದ್ರು. ಗುಡ್ಡದ ಮ್ಯಾಲಕ ಗಾಡಿ ಹೋಗ್ತೈತಿ, ಅವ್ವಗ ತ್ರಾಸ ಇಲ್ಲ. ಕೋಟಿ ಅಂತ ಉಳದಿದ್ದು ಕಡಿಮಿ, ಹೆದ್ದಾರಿ ಆ ಗುಡ್ಡಾನ ಸೀಳಿಕೊಂಡ ಹೋಗೇತಿ, ದುರ್ಗಾದೇವಿ ಗುಡಿ ಐತಿ, ಕೆಳಗ ದರ್ಗಾ ಐತಿ. ಸೋದೆ ಅರಸರು ಕಟ್ಟಿಸಿ ತಂದಿ ಸದಾಶಿವನ ಹೆಸರಿಟ್ಟ ಕೋಟಿ ಇದು, ನಡುವ ಪೋರ್ಚುಗೀಸರ ಕೈಗೆ, ಆಮ್ಯಾಲೆ ಹೈದರನ ಕೈಗೆ ಹೋತು, 1784ರಾಗ ಟಿಪ್ಪು ಮತ್ತ ಇಂಗ್ಲಿಷರ ನಡುವ ಆದ ಮಂಗಳೂರು ಒಪ್ಪಂದದಾಗೂ ಇದರ ಹೆಸರೈತಿ. ಇಷ್ಟು ಮಂದಿ ಒಂದ ಸಣ್ಣ ಗುಡ್ಡಕ್ಕ ಯಾಕ ಬಡದಾಡಿದ್ರು ಅಂತ ಪುಸ್ತಕ ಓದಿ ತಿಳಿಯಂಗಿಲ್ರಿ, ಮ್ಯಾಲೆ ನಿಂತ್ರ ತಿಳೀತೈತಿ. ಕಾಲ ಕೆಳಗ ನದಿ ಬಾಯಿ, ಎಡಕ್ಕ ಊರು, ಬಲಕ್ಕ ದೇವಬಾಗದ ಗಾಳಿಮರದ ಸಾಲು, ಎದುರಿಗೆ ನಡುಗಡ್ಡಿಗಳು. ಯಾವ ಹಡಗು ಒಳಗ ಬಂದ್ರೂ ಇಲ್ಲಿಂದ ತಪ್ಪಿಸಿಕೊಳ್ಳಾಕ ಆಗಂಗಿಲ್ಲ. ಅಲ್ಲಿಂದ 10-12 ಕಿಲೋಮೀಟರ್ ಉತ್ತರಕ್ಕ ಮಾಜಾಳಿ ದಾಟಿದ್ರ ಗೋವಾ, ಈಗ ರಾಜ್ಯದ ಗಡಿ, 1961ರ ಡಿಸೆಂಬರ್‌ತನಕ ಅದು ದೇಶದ ಗಡಿ ಆಗಿತ್ತು. ದಕ್ಷಿಣಕ್ಕಿರೋ ಅಂಜದೀವ್ ನಡುಗಡ್ಡಿನೂ ಆಗ ಪೋರ್ಚುಗೀಸರದು, ಅದನ್ನ ಬಿಡಿಸಾಕ ಹೋಗಿ ನಮ್ ನೌಕಾಪಡೆ ಹುಡುಗ್ರು ಜೀವ ಕೊಟ್ಟಾರ. ಈಗ ಅದು ಕದಂಬ ನೌಕಾನೆಲೆ ಒಳಗ, ಹೋಗಾಕ ಬಿಡಂಗಿಲ್ಲ, ಆ ಕಡಿ ಕ್ಯಾಮೆರಾ ತಿರಗಿಸಬ್ಯಾಡ್ರಿ.

ಎರಡನೇ ದಿನ ಮುಂಜಾನಿ ನದಿ. ಇದನ್ನ ಮಾತ್ರ ಬಿಡಬ್ಯಾಡ್ರಿ ಅಕ್ಕಾರ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲೆ ಜಡ್ಜ್ ಆಗಿದ್ರು, ಇಪ್ಪತ್ತು ದಾಟಿದ ಹುಡುಗ ರವೀಂದ್ರ ಅವರ ಮನ್ಯಾಗ ಬಂದು ಉಳದಿದ್ರು. ಒಂದ ಸಂಜಿ ಸಣ್ಣ ದೋಣಿಯಾಗ ಕಾಳಿ ಮ್ಯಾಲಕ ಹೋಗಿ, ಹಳೇ ಗುಡ್ಡದ ಕೋಟಿ ನೋಡಿ, ಒಬ್ಬ ರೈತನ ಮನಿ ಅಂಗಳದಾಗ ಕುಂತು ಬುತ್ತಿ ಉಂಡು, ಬೆಳದಿಂಗಳಾಗ ದೋಣಿನ ಹರಿವಿಗೆ ಬಿಟ್ಟು ವಾಪಸ್ ಬಂದು, ನದಿ ಬಾಯಾಗ ಇಳದು ಮರಳ ಮ್ಯಾಲೆ ನಡಕೋತ ಮನಿಗೆ ಹೋದ್ರಂತ ಅವರ ಬರದಾರ. ಬೀಚಿಗೆ ಅವರ ಹೆಸರಿಟ್ಟೇವಿ, ಆದ್ರ ಅವರ ಮನಸ್ಸು ಹಿಡದಿದ್ದು ಆ ನದಿ. ನೀವು ಅಷ್ಟ ದೂರ ಹೋಗಬೇಕಂತಿಲ್ಲ, ದೋಣಿಯವರ ಜೋಡಿ ಮಾತಾಡಿ ಎರಡ ತಾಸು ಸೇತುವೆಯಿಂದ ಮ್ಯಾಲಕ ಹೋಗಿ ಬರ್ರಿ, ಎರಡೂ ದಂಡಿಗೆ ಕಾಂಡ್ಲಾ ಕಾಡು, ಉಸಿರಾಡೋ ಬೇರು ಕೆಸರಿನಿಂದ ಮ್ಯಾಲೆ ಎದ್ದ ನಿಂತಿರ್ತಾವ, ಮಕ್ಕಳಿಗೆ ಅದ ಒಂದ ಪಾಠ. ನೀರು ಇಳದಾಗ ಹೋದ್ರ ಕೆಸರಿನ್ಯಾಗ ಏಡಿ, ಬೆಳ್ಳಕ್ಕಿ, ಮಿಂಚುಳ್ಳಿ ಸಿಗ್ತಾವ, ನಸೀಬ ಇದ್ರ ಬಿಳಿ ಹೊಟ್ಟಿ ಸಮುದ್ರ ಹದ್ದು. ಮೊದಲನೇ ಸಲ ಅದು ನನ್ನ ತಲಿ ಮ್ಯಾಲೆ ಹಾರಿದ್ದು 2016ರ ಜನವರಿಯಾಗ, ರೆಕ್ಕಿ ಅಷ್ಟ ದೊಡ್ಡದು ಅಂತ ಗೊತ್ತಿರಲಿಲ್ಲ, ದುರ್ಬೀನು ಕೈಯಾಗ ಇದ್ರೂ ಎತ್ತಲಿಲ್ಲ, ಹಂಗ ನೋಡ್ಕೋತ ನಿಂತೆ.

ದೋಣಿ ಹತ್ತೂದಕ್ಕಿಂತ ಮೊದಲ ಲೈಫ್ ಜಾಕೆಟ್ ಕೇಳ್ರಿ, ಎಲ್ಲರಿಗೂ, ಮಕ್ಕಳ ಅಳತಿದು ಬ್ಯಾರೆ. ಇಲ್ಲ ಅಂದ್ರ ಮುಂದಿನ ದೋಣಿ. 2019ರ ಜನವರಿ 21ಕ್ಕ ಕೂರ್ಮಗಡ ನಡುಗಡ್ಡಿಯ ನರಸಿಂಹ ದೇವರ ಜಾತ್ರಿ ಮುಗಿಸಿ ಬರೋ ದೋಣಿ ಮಗಚಿ 16 ಮಂದಿ ಹೋದ್ರು, ಹಿಡಿಯೋಕಿಂತ ಜಾಸ್ತಿ ಮಂದಿ ಹತ್ತಿದ್ರು. ನನಗೂ ಒಬ್ಬಾವ ಜಾಕೆಟ್ ಇಲ್ದ ಹತ್ತಿಸಿಕೊಂಡಿದ್ದ, ನದಿ ನೀರು ಸಮುದ್ರದ ತೆರಿ ಕೂಡೋ ಜಾಗಾದಾಗ ದೋಣಿ ಹೊಯ್ದಾಡಿದಾಗ ಗೊತ್ತಾತು ನಾ ಮಾಡಿದ್ದು ಎಂಥಾ ತಪ್ಪು ಅಂತ. ನದಿ ಬಾಯಾಗ ಈಜಾಕಂತೂ ಮಕ್ಕಳನ್ನ ಬಿಡಲೇಬ್ಯಾಡ್ರಿ, ಮ್ಯಾಲೆ ಶಾಂತ ಕಾಣ್ತೈತಿ, ನೀರು ಇಳಿಯೂಮುಂದ ಒಳಗ ಎಳೀತೈತಿ.

ಮಧ್ಯಾಹ್ನದ ಮ್ಯಾಲೆ ತಿಳ್ಮಾತಿ ಬೀಚ್. ಮಾಜಾಳಿ ದಂಡಿಯಿಂದ ಸಣ್ಣ ಗುಡ್ಡ ಹತ್ತಿ ಇಳಿಯೋ ಕಾಲುದಾರಿ, ಮರಳು ಎಳ್ಳಿನಂಗ ಕರೀದು, ತೀಳ್ ಅಂದ್ರ ಕೊಂಕಣಿಯಾಗ ಎಳ್ಳು. ಅಂಗಡಿ ಇಲ್ಲ, ನೆಳ್ಳ ಇಲ್ಲ, ಮಂದಿನೂ ಕಡಿಮಿ, ನೀರು ಬುತ್ತಿ ನೀವ ಒಯ್ಯಬೇಕು, ಪ್ಲಾಸ್ಟಿಕ್ ವಾಪಸ್ ತರಬೇಕು. ಅವ್ವಗ ಈ ಗುಡ್ಡ ಆಗಂಗಿಲ್ಲ, ಅವರು ಮಾಜಾಳಿ ದಂಡಿಮ್ಯಾಗ ಯಾರರೆ ಒಬ್ರ ಜೋಡಿ ಕುಂಡ್ರಲಿ. ನೀರಿನ ಭರತ ಇಳಿತದ ವ್ಯಾಳೆ ಹಿಂದಿನ ದಿನ ನೋಡಿ ಇಟಕೋರಿ, ದಿನಕ್ಕ ಎರಡ ಸಲ ಏರ್ತೈತಿ ಎರಡ ಸಲ ಇಳೀತೈತಿ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕ ಹೋಗ್ತೈತಿ, ಅಮಾಸಿ ಹುಣ್ಣಿಮಿಗೆ ಜೋರು. ಭರತದಾಗ ಆ ಕರೀ ಮರಳು ಅರ್ಧಕ್ಕರ್ಧ ನೀರಾಗ ಹೋಗ್ತೈತಿ, ಒಮ್ಮೆ ನಾವು ಅದನ್ನ ನೋಡದ ಹೋಗಿ ಬಂಡಿಗಲ್ಲಿನ ಮ್ಯಾಲೆ ಎರಡ ತಾಸ ಕುಂತಿದ್ವಿ.

ಯಾವಾಗ ಅಂದ್ರ ನವೆಂಬರ್‌ದಿಂದ ಫೆಬ್ರವರಿ. ಆಗ ಕಡಲಹಕ್ಕಿ ವಲಸಿ ಬಂದಿರ್ತಾವ, ಆಲಿವ್ ರಿಡ್ಲಿ ಆಮಿಗಳು ದಂಡಿಗೆ ಬಂದು ತತ್ತಿ ಇಡೋ ಕಾಲಾನೂ ಅದ. ಅರಣ್ಯದವರು ಬಲಿ ಸುತ್ತಿ ಇಟ್ಟ ಗೂಡು ಕಂಡ್ರ ದೂರದಿಂದ ನೋಡ್ರಿ, ರಾತ್ರಿ ಟಾರ್ಚ್ ಹಾಕಬ್ಯಾಡ್ರಿ. ಜೂನ್‌ದಿಂದ ಸೆಪ್ಟೆಂಬರ್ ಮಕ್ಕಳನ್ನ ಕಟಗೊಂಡು ಬ್ಯಾಡ, 2024ರ ಜುಲೈ 16ಕ್ಕ ಅಂಕೋಲಾ ಹತ್ರ ಶಿರೂರಾಗ ಗುಡ್ಡ ಕುಸದಿದ್ದು ನೆನಪೈತಲ್ರಿ, ದೋಣಿನೂ ಇರಂಗಿಲ್ಲ, ಕದ್ರಾ ಡ್ಯಾಮಿನ ಗೇಟ್ ತಗದ್ರ ನದಿ ಬ್ಯಾರೆ ಏರ್ತೈತಿ.

ಊಟದ್ದು ಕೇಳಿದ್ರಿ. ನೀವು ಮೀನ ತಿನ್ನಂಗಿಲ್ಲ ಅಂದ್ರಿ, ಊರಾಗ ಶಾಕಾಹಾರಿ ಖಾನಾವಳಿ ಅದಾವ, ಅನ್ನ ಸಾರು ಸಿಗ್ತೈತಿ, ಆದ್ರ ಅವ್ವಗ ಜ್ವಾಳದ ರೊಟ್ಟಿ ಬೇಕಾದ್ರ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ ಹೋಗ್ರಿ, ಎರಡ ದಿನ ಏನೂ ಆಗಂಗಿಲ್ಲ. ಮೊಸರು ಅಲ್ಲೆ ತಗೋರಿ. ಯಾವ ವಾರ ಹೊಂಟೀರಿ ಅಂತ ಇಲ್ಲೆ ಹಾಕ್ರಿ, ಆ ದಿನದ ಇಳಿತದ ವ್ಯಾಳೆ ನೋಡಿ ನದೀಗೆ ಎಷ್ಟಕ್ಕ ಹೋಗಬೇಕು, ತಿಳ್ಮಾತಿಗೆ ಎಷ್ಟಕ್ಕ ಅಂತ ಬರದ ಹಾಕ್ತೀನಿ.