ಕ್ಯಾಂಪಿಂಗಿಗೂ ಗುಡ್ಡೆ ಕೆಲಸಕ್ಕೂ ಒದಗುವ ಗಟ್ಟಿ ಕತ್ತಿ: ದಪ್ಪಕ್ಕಿಂತ ಹದ ಮುಖ್ಯ

ಮಂಗಳೂರಿನಲ್ಲಿ ಉದ್ಯೋಗ, ಕಾರ್ಕಳದ ಸಮೀಪ ಸಂಬಂಧಿಕರ ಗುಡ್ಡೆ ಜಾಗ, ರಜೆಯಲ್ಲಿ ಗೆಳೆಯರೊಂದಿಗೆ ಅಲ್ಲಿ ಟೆಂಟ್ ಹಾಕಿ ಉಳಿಯುವ ಅಭ್ಯಾಸ ಎಂದು ಬರೆದಿದ್ದೀರಿ. ಪೊದೆ ಸವರಲು, ಸೌದೆ ಮಾಡಲು, ಬೊಂಡ (ಎಳನೀರು ಕಾಯಿ) ಕೆತ್ತಲು ಒಂದೇ ಗಟ್ಟಿಯಾದ ಮಚ್ಚು ಬೇಕು. ಆನ್‌ಲೈನಿನಲ್ಲಿ ಕಂಡ, 5 ಮಿಲಿಮೀಟರ್ ದಪ್ಪದ, ಬೆನ್ನಿನಲ್ಲಿ ಗರಗಸದ ಹಲ್ಲುಗಳಿರುವ ಸ್ಟೇನ್‌ಲೆಸ್ ಮಚ್ಚನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ಅದನ್ನು ಕೊಳ್ಳಬೇಡಿ. ಅದೇ ಹಣಕ್ಕೆ, ಬಹುಶಃ ಅದಕ್ಕಿಂತ ಕಡಿಮೆಗೆ, ನಮ್ಮೂರಿನ ಕುಲುಮೆಯಲ್ಲಿ ಸಿಗುವ ಕತ್ತಿ, ಅಂದರೆ ತೋಟದ ಕೆಲಸದ ಮಚ್ಚು, ನಿಮ್ಮ ಕೆಲಸಕ್ಕೆ ಹೆಚ್ಚು ಒದಗುತ್ತದೆ. ನಾನು ಹೆಬ್ರಿ ಕಡೆಯವನು. ತೋಟದ ಕೆಲಸದಲ್ಲಿ ಕತ್ತಿ ಹಿಡಿಯದ ದಿನ ನಮಗೆ ಅಪರೂಪ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕತ್ತಿಯ ಗಟ್ಟಿತನವನ್ನು ಅದರ ದಪ್ಪದಿಂದ ಅಳೆಯುವುದು ಸರಿಯಲ್ಲ. ಅದನ್ನು ನಿರ್ಧರಿಸುವುದು ಉಕ್ಕು ಯಾವುದು, ಆ ಉಕ್ಕನ್ನು ಕಾಯಿಸಿ ತಣಿಸಿ ಎಂಥ ಹದ ಕೊಟ್ಟಿದ್ದಾರೆ ಮತ್ತು ಅಲಗು ಹಿಡಿಯೊಳಗೆ ಹೇಗೆ ಕೂತಿದೆ ಎಂಬ ಮೂರು ಸಂಗತಿಗಳು. ಅಡುಗೆಮನೆಯ ಚಾಕು ಮೆತ್ತಗಿನದನ್ನು ಸೀಳುತ್ತದೆ. ಅದರ ಬಾಯಿ, ಅಂದರೆ ಹರಿತದ ಅಂಚು, ಎಷ್ಟು ಗಡುಸಾಗಿದ್ದರೂ ತೊಂದರೆಯಿಲ್ಲ. ಕತ್ತಿಯಾದರೋ ಪ್ರತಿ ಏಟಿಗೂ ಆಘಾತವನ್ನು ತಾಳಬೇಕು. ಪೊದೆಯ ಬುಡದಲ್ಲಿ ಕಾಣದೆ ಕೂತ ಮುರಕಲ್ಲಿಗೆ ತಾಗಿದಾಗ ಅದರ ಬಾಯಿ ಚೂರು ಹಾರಬಾರದು, ಹೆಚ್ಚೆಂದರೆ ಮಡಚಿಕೊಳ್ಳಬೇಕು. ಮಡಚಿದ ಬಾಯಿಯನ್ನು ಅರದಿಂದ ಹತ್ತು ನಿಮಿಷದಲ್ಲಿ ಸರಿಪಡಿಸಬಹುದು, ಆದರೆ ಚೂರು ಹಾರಿದ ಬಾಯಿಯನ್ನು ಸರಿಪಡಿಸಬೇಕಾದರೆ ಇಡೀ ಅಂಚನ್ನೇ ತೇಯ್ದು ಹಿಂದಕ್ಕೆ ತರಬೇಕು.

ಅಗ್ಗದ ಸ್ಟೇನ್‌ಲೆಸ್ ಮಚ್ಚುಗಳು ಸೋಲುವುದು ಇಲ್ಲಿಯೇ. ತುಕ್ಕು ತಡೆಯುವುದಕ್ಕಾಗಿ ಆ ಉಕ್ಕಿನಲ್ಲಿ ಕ್ರೋಮಿಯಂ ಹೆಚ್ಚಿರುತ್ತದೆ. ಉದ್ದನೆಯ ಅಲಗಿಗೆ ಬೇಕಾದ ಆಘಾತ ತಾಳುವ ಗುಣ ಅದಕ್ಕೆ ಸಾದಾ ಕಾರ್ಬನ್ ಉಕ್ಕಿನಷ್ಟು ಇರುವುದಿಲ್ಲ. ಹಾಗಾಗಿ ತಯಾರಕರು ಅದನ್ನು ಮೆತ್ತಗೆ ಬಿಡುತ್ತಾರೆ, ಮೆತ್ತಗಾದ ಬಾಯಿ ಬೇಗ ಮೊಂಡಾಗುತ್ತದೆ. ಬೆನ್ನಿನ ಗರಗಸದ ಬಗ್ಗೆಯೂ ಹೇಳಬೇಕು. ನಿಜವಾದ ಗರಗಸದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುತ್ತವೆ. ಕೊಯ್ದ ಸಂದು ಅಲಗಿಗಿಂತ ಅಗಲವಾಗುವುದು ಅದರಿಂದಲೇ. ಮಚ್ಚಿನ ಬೆನ್ನಿನ ಹಲ್ಲುಗಳು ಹಾಗಿರುವುದಿಲ್ಲ, ಆದ್ದರಿಂದ ಅರ್ಧ ಇಂಚು ಇಳಿಯುವಷ್ಟರಲ್ಲಿ ಮರದಲ್ಲಿ ಸಿಕ್ಕಿಕೊಳ್ಳುತ್ತವೆ. ಮೇಲಾಗಿ ಆ ಹಲ್ಲುಗಳ ಸಂದುಗಳಲ್ಲೇ ಏಟಿನ ಒತ್ತಡ ಸೇರಿ ಬಿರುಕು ಶುರುವಾಗುವ ಸಾಧ್ಯತೆ ಇದೆ. ಕತ್ತಿಯ ಬೆನ್ನಿಗೆ ಕೊರಡಿನಿಂದ ಬಡಿದು ಸೌದೆ ಸೀಳುವ ಅನುಕೂಲವೂ ಕೈತಪ್ಪುತ್ತದೆ. ದಪ್ಪ ಮರ ಕೊಯ್ಯಬೇಕಿದ್ದರೆ ಮಡಚುವ ಕೈಗರಗಸವೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಅದು ಬ್ಯಾಗಿನಲ್ಲಿ ಜಾಗವನ್ನೂ ಹಿಡಿಯುವುದಿಲ್ಲ.

ನಮ್ಮ ಕಡೆಯ ಒಳ್ಳೆಯ ಕತ್ತಿಗಳಿಗೆ ಲಾರಿ ಅಥವಾ ಜೀಪಿನ ಹಳೆಯ ಸ್ಪ್ರಿಂಗ್ ಪ್ಲೇಟೇ ಮೂಲ. ವರ್ಷಗಟ್ಟಲೆ ಭಾರ ಹೊತ್ತು ಬಾಗಿ ಮತ್ತೆ ನೇರವಾಗುವುದಕ್ಕೆಂದೇ ಮಾಡಿದ ಉಕ್ಕು ಅದು. ಏಟು ತಾಳುವ ಗುಣ ಅದಕ್ಕೆ ಸಹಜವಾಗಿ ಇದೆ. ಆದರೆ ಪ್ಲೇಟ್ ಒಳ್ಳೆಯದಾದ ಮಾತ್ರಕ್ಕೆ ಕತ್ತಿ ಒಳ್ಳೆಯದಾಗುವುದಿಲ್ಲ. ಸಾಧ್ಯವಾದರೆ ಕುಲುಮೆಯ ಮುಂದೆ ನಿಂತು ಹದ ಕೊಡುವುದನ್ನು ಒಮ್ಮೆ ನೋಡಿ. ಬಡಿದು ಆಕಾರ ಬಂದ ಅಲಗನ್ನು ಆಚಾರಿಗಳು ಮತ್ತೆ ಕೆಂಪಗೆ ಕಾಯಿಸುತ್ತಾರೆ, ಬಳಿಕ ಬಾಯಿಯ ಕಡೆಯ ಒಂದೆರಡು ಬೆರಳಗಲವನ್ನಷ್ಟೇ ತಣಿಸುತ್ತಾರೆ. ಬಾಯಿ ಆ ಕ್ಷಣದಲ್ಲಿ ಗಾಜಿನಷ್ಟು ಗಡುಸಾಗುತ್ತದೆ, ಬೆನ್ನಿನಲ್ಲಿ ಮಾತ್ರ ಕಾವು ಉಳಿದಿರುತ್ತದೆ. ಕಪ್ಪು ಪೊರೆಯನ್ನು ಕಲ್ಲಿನಿಂದ ಉಜ್ಜಿ ಉಕ್ಕಿನ ಹೊಳಪು ಕಾಣುವಂತೆ ಮಾಡಿ ಅವರು ಕಾಯುತ್ತಾರೆ. ಬೆನ್ನಿನ ಕಾವು ನಿಧಾನವಾಗಿ ಬಾಯಿಯತ್ತ ಇಳಿದಂತೆ ಆ ಹೊಳಪಿನ ಮೇಲೆ ಮೊದಲು ಒಣಹುಲ್ಲಿನ ತೆಳು ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಬಣ್ಣ ಹರಿದುಬರುತ್ತದೆ. ತೆಳು ಹಳದಿ ಮೂಡುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಿ ಮೂಡುವುದು ಸುಮಾರು 300 ಡಿಗ್ರಿಯ ಹತ್ತಿರ. ಯಾವ ಬಣ್ಣಕ್ಕೆ ತಡೆದು ಮತ್ತೆ ತಣಿಸಬೇಕು ಎಂಬುದರಲ್ಲಿಯೇ ಆಚಾರಿಗಳ ವಿದ್ಯೆ ಇದೆ. ಬೇಗ ತಡೆದರೆ ಬಾಯಿ ಚೂರು ಹಾರುತ್ತದೆ, ತಡಮಾಡಿದರೆ ಮೊಂಡಾಗುತ್ತದೆ. ಹದವರಿತು ಮಾಡಿದ ಕತ್ತಿಯಲ್ಲಿ ಬಾಯಿ ಗಡುಸಾಗಿಯೂ ಬೆನ್ನು ಮೃದುವಾಗಿಯೂ ಇರುತ್ತದೆ, ಅಂಥ ಕತ್ತಿ ಮುರಿಯುವುದು ಬಹಳ ವಿರಳ.

ಕೊಳ್ಳುವಾಗ ಈ ಹದವನ್ನು ಪರೀಕ್ಷಿಸುವ ಸುಲಭ ಉಪಾಯವೆಂದರೆ ಅರ. ಹೊಸ ಅರವನ್ನು ಜೊತೆಗೆ ಒಯ್ದು, ಅಂಗಡಿಯವರ ಅನುಮತಿ ಪಡೆದು, ಬಾಯಿಯ ಮೇಲೆ ಮೆಲ್ಲನೆ ಒಮ್ಮೆ ಎಳೆಯಿರಿ. ಅರ ಜಾರಿಹೋದರೆ ಬಾಯಿ ಅತಿಯಾಗಿ ಗಡುಸಾಗಿದೆ. ಸಾದಾ ಕಬ್ಬಿಣದ ಸರಳಿಗೆ ಕಚ್ಚಿದಂತೆ ಆಳವಾಗಿ ಕಚ್ಚಿದರೆ ಹದವೇ ಕೊಟ್ಟಿಲ್ಲ. ಸ್ವಲ್ಪ ಬಲ ಹಾಕಿದಾಗ ಸಣ್ಣದಾಗಿ ಕಚ್ಚಿದರೆ ಸರಿಯಾಗಿದೆ. ಅಯಸ್ಕಾಂತ ಹಿಡಿದು ಉಕ್ಕು ಯಾವುದೆಂದು ಹೇಳುವವರನ್ನು ನಂಬಬೇಡಿ, ಏಕೆಂದರೆ ಚಾಕು ಮಚ್ಚುಗಳಿಗೆ ಬಳಸುವ ಸ್ಟೇನ್‌ಲೆಸ್‌ಗೂ ಅದು ಅಂಟುತ್ತದೆ. ಬಳಿಕ ಕತ್ತಿಯನ್ನು ಕಣ್ಣಿನ ನೇರಕ್ಕೆ ಹಿಡಿದು ಹಿಡಿಯಿಂದ ಮೂತಿಯವರೆಗೆ ಬಾಯಿ ನೇರವಾಗಿದೆಯೇ ಎಂದು ನೋಡಿ, ಬೆನ್ನಿಗೆ ಬೆರಳಿನಿಂದ ಬಡಿದು ಒಡಕು ಸದ್ದು ಬರುತ್ತದೆಯೇ ಎಂದು ಆಲಿಸಿ.

ಹಿಡಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು, ಏಕೆಂದರೆ ಅಪಾಯಗಳು ಹೆಚ್ಚಾಗಿ ಆಗುವುದು ಅಲಗು ಮುರಿದು ಅಲ್ಲ, ಹಿಡಿ ಸಡಿಲವಾಗಿ. ಊರಿನ ಕತ್ತಿಯಲ್ಲಿ ಅಲಗಿನ ಹಿಂಬದಿಯ ಮೊನೆಯನ್ನು ಮರದ ಹಿಡಿಯೊಳಗೆ ಇಳಿಸಿ ಹಿಡಿಯ ಬಾಯಿಗೆ ಲೋಹದ ಬಳೆ ತೊಡಿಸಿರುತ್ತಾರೆ. ಆ ಮೊನೆ ಹಿಡಿಯ ಉದ್ದಕ್ಕೂ ಹೋಗಿ ಹಿಂತುದಿಯಲ್ಲಿ ಹೊರಬಂದು ಮಡಚಿಕೊಂಡಿದ್ದರೆ ನಿಶ್ಚಿಂತೆ. ಅರ್ಧದಲ್ಲೇ ನಿಂತಿದ್ದರೆ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಕಳಚಿಕೊಳ್ಳುವ ಭಯವಿದೆ. ಕಾರ್ಖಾನೆಯ ಮಚ್ಚನ್ನು ನೋಡುವುದಾದರೆ ಉಕ್ಕು ಹಿಡಿಯ ಕೊನೆಯವರೆಗೂ ಪೂರ್ಣ ಅಗಲದಲ್ಲಿ ಇದೆಯೇ, ಕನಿಷ್ಠ ಮೂರು ರಿವೆಟ್‌ಗಳಿವೆಯೇ ಎಂದು ನೋಡಿ. ಹಿಡಿಯ ಹಿಂತುದಿ ಸ್ವಲ್ಪ ಉಬ್ಬಿರಬೇಕು, ಬೆವರಿದ ಕೈಯಿಂದ ಕತ್ತಿ ಜಾರದಂತೆ ತಡೆಯುವುದು ಅದೇ. ವಾರ್ನಿಶ್ ಬಳಿದು ಮಿನುಗುವ ಹಿಡಿ ಮಳೆಗಾಲದಲ್ಲಿ ಜಾರುತ್ತದೆ. ಮರಳು ಕಾಗದದಿಂದ ಆ ವಾರ್ನಿಶ್ ತೆಗೆದು ಎಣ್ಣೆ ಹಚ್ಚಿಬಿಡಿ.

ಇನ್ನು ಆಕಾರ. ನಿಮ್ಮ ಗುಡ್ಡೆಯಲ್ಲಿ ಏನು ಬೆಳೆದಿದೆ ಎಂಬುದರ ಮೇಲೆ ಇದು ನಿಂತಿದೆ. ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆ, ಲಂಟಾನ, ಎಳೆಯ ಬಳ್ಳಿಗಳೇ ಹೆಚ್ಚಾಗಿದ್ದರೆ ಭಾರದ ಕತ್ತಿ ಉಪಯೋಗಕ್ಕೆ ಬಾರದು. ಅಂಥ ತೆಳು ಕಾಂಡಗಳು ನಿಧಾನವಾಗಿ ಬರುವ ಅಲಗಿಗೆ ಬಾಗಿ ತಪ್ಪಿಸಿಕೊಳ್ಳುತ್ತವೆ. ಅವನ್ನು ಕಡಿಯುವುದು ಭಾರವಲ್ಲ, ವೇಗ. ಲ್ಯಾಟಿನ್ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿಯೂ ತೋಟಗಳಲ್ಲಿಯೂ ಬಳಸುವ, ಸುಮಾರು 2 ಮಿಲಿಮೀಟರ್ ದಪ್ಪದ, 18 ಇಂಚಿನ ಹಗುರ ಮಚ್ಚು ಇದಕ್ಕೆ ಹೇಳಿ ಮಾಡಿಸಿದ್ದು. ಬ್ರೆಜಿಲಿನ ಟ್ರಾಮಾಂಟಿನಾದಂಥ ಕಂಪನಿಗಳು ಅದನ್ನು ಕಾರ್ಬನ್ ಉಕ್ಕಿನಲ್ಲಿಯೇ ಮಾಡುತ್ತವೆ. ಆದರೆ ಒಣಗಿದ ಅಕೇಶಿಯಾ ಕೊಂಬೆ, ತೆಂಗಿನ ಮಡಲು, ಬಿದಿರು, ಬೊಂಡ ಇವುಗಳಿಗೆ ಆ ತೆಳು ಅಲಗು ಸಾಲದು. ಇಲ್ಲಿ 10ರಿಂದ 12 ಇಂಚಿನ ಅಲಗಿನ, ಮೂತಿ ಸ್ವಲ್ಪ ಒಳಬಾಗಿದ ಊರಿನ ಕತ್ತಿಯೇ ಬೇಕು. ಭಾರವೆಲ್ಲ ಮುಂಭಾಗದಲ್ಲಿರುವುದರಿಂದ ತೋಳಿನ ಬಲ ಹೆಚ್ಚು ಹಾಕದೆ ಕಡಿಯಬಹುದು, ಬಾಗಿದ ಮೂತಿಯಿಂದ ಬಳ್ಳಿಯನ್ನು ಎಳೆದು ತುಂಡರಿಸಬಹುದು, ನೆಲಕ್ಕೆ ತಾಗಿದರೂ ಚೂಪು ಮೊನೆ ಕಲ್ಲಿಗೆ ಬಡಿಯುವುದಿಲ್ಲ. ನೀವು ಪಟ್ಟಿ ಮಾಡಿದ ಕೆಲಸಗಳಲ್ಲಿ ಸೌದೆಯೂ ಬೊಂಡವೂ ಇರುವುದರಿಂದ ಒಂದನ್ನೇ ಆರಿಸಬೇಕಾದರೆ ಈ ಕತ್ತಿಯನ್ನೇ ಆರಿಸಿ; ತೂಕ ಮುಕ್ಕಾಲು ಕಿಲೋ ದಾಟದಿರಲಿ. ಅಭ್ಯಾಸವಿಲ್ಲದ ಮಣಿಕಟ್ಟು ಅದಕ್ಕಿಂತ ಹೆಚ್ಚಿನ ಭಾರವನ್ನು ಅರ್ಧ ಗಂಟೆಯೂ ಸಹಿಸುವುದಿಲ್ಲ, ದಣಿದ ಕೈಯೇ ಗುರಿ ತಪ್ಪುವುದು.

ತುಕ್ಕಿನ ಭಯದಿಂದಲೇ ನೀವು ಸ್ಟೇನ್‌ಲೆಸ್ ಕಡೆ ಒಲಿದಿದ್ದೀರಿ ಎಂದು ಊಹಿಸುತ್ತೇನೆ. ಕರಾವಳಿಯ ಉಪ್ಪುಗಾಳಿಗೆ, ಆಟಿ ತಿಂಗಳ ಮಳೆಯ ತೇವಕ್ಕೆ ಕಾರ್ಬನ್ ಉಕ್ಕು ಒಂದೇ ರಾತ್ರಿಯಲ್ಲಿ ಕೆಂಪಾಗುವುದು ನಿಜ. ಆದರೂ ಅದಕ್ಕೆ ಬೇಕಾದ ಆರೈಕೆ ಬಹಳ ಕಡಿಮೆ: ಕೆಲಸ ಮುಗಿದ ಕೂಡಲೇ ಅಡಿಕೆಯ ಚೊಗರು, ಗೇರಿನ ಸೊನೆಯನ್ನು ತೊಳೆದು, ಒರೆಸಿ, ತೆಂಗಿನೆಣ್ಣೆ ಸವರಿ ಇಡುವುದು. ಹಲಸಿನ ಮೇಣ ಅಂಟಿದ್ದರೂ ಅದೇ ಎಣ್ಣೆಯಲ್ಲಿ ಉಜ್ಜಿದರೆ ಬಿಡುತ್ತದೆ. ಚರ್ಮದ ಒರೆಯಲ್ಲಿ ಮಾತ್ರ ಇಟ್ಟು ಮರೆಯಬೇಡಿ, ಚರ್ಮ ತೇವವನ್ನು ಹಿಡಿದಿಟ್ಟುಕೊಂಡು ಒಳಗಿನಿಂದಲೇ ಅಲಗನ್ನು ತಿನ್ನುತ್ತದೆ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ಅಂಚನ್ನು ಗಟ್ಟಿ ದಾರದಿಂದ ಹೊಲಿದು, ಚೆನ್ನಾಗಿ ಒಣಗಿಸಿದರೆ ಹಗುರವಾದ ಒರೆಯಾಗುತ್ತದೆ. ಹಾಳಾದರೆ ಇನ್ನೊಂದು ಮಾಡಿಕೊಳ್ಳಬಹುದು.

ಮಸೆಯುವುದಕ್ಕೆ ಅರವೂ ಒಂದು ಸಾಣೆಕಲ್ಲೂ ಸಾಕು. ವಿದ್ಯುತ್ ಗ್ರೈಂಡರ್ ಇರುವ ಅಂಗಡಿಗೆ ಕೊಡಲೇಬೇಡಿ. ಕಿಡಿ ಹಾರುವಂತೆ ಒತ್ತಿ ಹಿಡಿದಾಗ ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾದು ನೀಲಿಯಾಗುತ್ತದೆ. ಕುಲುಮೆಯಲ್ಲಿ ಅಷ್ಟು ಎಚ್ಚರಿಕೆಯಿಂದ ಕೊಟ್ಟ ಹದ ಅಲ್ಲಿಗೆ ಮುಗಿಯುತ್ತದೆ, ಆ ಭಾಗ ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಬಳಸುವಾಗ ಎಡಗೈಯಲ್ಲಿ ಕವಲಿರುವ ಒಂದು ಕೋಲನ್ನು ಹಿಡಿದು ಪೊದೆಯನ್ನು ಅದರಿಂದಲೇ ಬಾಗಿಸಿ, ಬರಿಗೈ ಹಾಕಬೇಡಿ. ಕೈ ಕಡಿತಕ್ಕೆ ಸಿಗುವುದೂ ತಪ್ಪುತ್ತದೆ, ಪೊದೆಯಲ್ಲಿ ಹಾವಿದ್ದರೆ ಅದೂ ದೂರ ಉಳಿಯುತ್ತದೆ. ಏಟು ಓರೆಯಾಗಿ ಬೀಳಲಿ, ಅದು ತಪ್ಪಿ ಮುಂದೆ ಸಾಗಿದರೆ ನಿಮ್ಮ ಮೊಣಕಾಲು ಆ ದಾರಿಯಲ್ಲಿ ಇರದಿರಲಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಕಾನೂನಿನದು. 1959ರ ಆಯುಧ ಕಾಯ್ದೆ ಕೇವಲ ಗೃಹ ಅಥವಾ ಕೃಷಿ ಬಳಕೆಗೆಂದು ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ತೋಟದ ಕತ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಹೆದರಬೇಕಾಗಿಲ್ಲ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯಗಳ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ, ಮತ್ತು ಆ ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚಾಕುವೂ ಸೇರಿದೆ. ಆದ್ದರಿಂದ ಚಾರಣಕ್ಕೆ ಹೋಗುವಾಗ ಕತ್ತಿ ಮನೆಯಲ್ಲಿಯೇ ಇರಲಿ. ಕಾರ್ಕಳದ ನಿಮ್ಮ ಸಂಬಂಧಿಕರ ಜಾಗಕ್ಕೆ ಒಯ್ಯುವಾಗಲೂ ಒರೆಯಲ್ಲಿಟ್ಟು, ಗೋಣಿಯಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಇಡಿ. ಪೊಲೀಸರ ನಿಷೇಧಾಜ್ಞೆ ಜಾರಿಯಲ್ಲಿರುವ ದಿನಗಳಲ್ಲಿ ಒಯ್ಯಲೇಬೇಡಿ. ಆಗಾಗ ಹೋಗಿಬರುವುದಾದರೆ ಅವರ ಮನೆಯಲ್ಲಿಯೇ ಎಣ್ಣೆ ಸವರಿ ಇಟ್ಟು ಬರುವುದು ಎಲ್ಲಕ್ಕಿಂತ ಅನುಕೂಲ.